ಹಳೆಯ ಕಾರು ಬಿಚ್ಚಿದ ಹೆನ್ರಿ ರಾಯ್ಸ್

ಹಳೆಯ ಕಾರುಗಳ ಮೆರವಣಿಗೆ ನಡೆದಾಗಲೆಲ್ಲ ಜನ ಮುಗಿಬೀಳುವುದು ರೋಲ್ಸ್ ರಾಯ್ಸ್ ಕಾರಿನ ಸುತ್ತ. ಸಿರಿವಂತಿಕೆಗೆ ಆ ಹೆಸರು ಪರ್ಯಾಯಪದವಾಗಿ ನೂರು ವರ್ಷಗಳೇ ಸಂದಿವೆ. ಆದರೆ ಆ ಹೆಸರಿನ ಉತ್ತರಾರ್ಧಕ್ಕೆ ಕಾರಣನಾದ ಹೆನ್ರಿ ರಾಯ್ಸ್ ಬಡತನದಲ್ಲಿ ಬೆಳೆದವನು. ಆತನಿಗೆ ದೊರೆತ ಶಾಲಾ ಶಿಕ್ಷಣ ಸುಮಾರು ಒಂದೇ ವರ್ಷದ್ದು. ಕಾಗದದ ಮೇಲೆ ಹೊಸ ವಾಹನದ ಕನಸು ಬರೆದುಕೊಂಡು ಆತ ಈ ಉದ್ಯಮಕ್ಕೆ ಬರಲಿಲ್ಲ. ಬೇರೊಬ್ಬರು ಓಡಿಸಿ ಮಾರಿದ ಕಾರೊಂದನ್ನು ಕೊಂಡು, ಬಿಚ್ಚಿ, ಅದರ ಕುಂದುಗಳನ್ನು ಸರಿಪಡಿಸುತ್ತ ಬಂದ. ಹಳೆಯ ಕಾರುಗಳಿಗೆ ಜೀವ ತುಂಬುವುದನ್ನೇ ಹವ್ಯಾಸ ಮಾಡಿಕೊಂಡವರಿಗೆ ಆತನ ಬದುಕು ಪಾಠವಾಗಬಲ್ಲದು. ಕೆಟ್ಟದ್ದನ್ನು ಎಸೆದು ಹೊಸದನ್ನು ತರುವುದೇ ರೂಢಿಯಾಗಿರುವ ನಮಗೂ ಅದರಲ್ಲಿ ಯೋಚಿಸಬೇಕಾದ್ದು ಸಾಕಷ್ಟಿದೆ.

ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೋ ಬಳಿಯ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐವರು ಮಕ್ಕಳಲ್ಲಿ ಕೊನೆಯವನು. ತಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿ ನಷ್ಟಕ್ಕೆ ಸಿಕ್ಕಿ ಸಂಸಾರ ಲಂಡನ್ನಿಗೆ ಬಂತು. 1872ರಲ್ಲಿ ತಂದೆ ಬಡವರ ಆಶ್ರಯಧಾಮದಲ್ಲಿ ಕಣ್ಣು ಮುಚ್ಚಿದಾಗ ಹುಡುಗನಿಗೆ ಒಂಬತ್ತು ವರ್ಷ. ಪತ್ರಿಕೆ ಮಾರುವುದು, ತಂತಿ ಸಂದೇಶಗಳನ್ನು ಮನೆಮನೆಗೆ ಮುಟ್ಟಿಸುವುದು ಅವನ ಬಾಲ್ಯದ ದುಡಿಮೆಯಾಯಿತು. ಹೊಟ್ಟೆಗಿಲ್ಲದ ದಿನಗಳನ್ನು ಎಳೆಯ ವಯಸ್ಸಿನಲ್ಲಿ ಕಂಡ ಆ ದೇಹ ಮುಂದೆ ಜೀವನವಿಡೀ ಅದರ ಬೆಲೆ ತೆರಬೇಕಾಯಿತು.

1878ರಲ್ಲಿ ಚಿಕ್ಕಮ್ಮನೊಬ್ಬಳು ವರ್ಷಕ್ಕೆ 20 ಪೌಂಡ್ ಕಟ್ಟಲು ಒಪ್ಪಿದ್ದರಿಂದ ಪೀಟರ್‌ಬರೋದ ರೈಲ್ವೆ ಕಾರ್ಯಾಗಾರದಲ್ಲಿ ಅಪ್ರೆಂಟಿಸ್ ಆಗಿ ಸೇರುವ ಭಾಗ್ಯ ದೊರೆಯಿತು. ಆತ ಬಿಡಾರ ಹೂಡಿದ್ದ ಮನೆಯ ಹಿತ್ತಿಲಿನ ಕೊಟ್ಟಿಗೆಯಲ್ಲೊಂದು ಲೇತ್ ಯಂತ್ರವಿತ್ತು. ಹಗಲು ರೈಲ್ವೆಯ ಕೆಲಸ, ಸಂಜೆ ಈ ಕೊಟ್ಟಿಗೆಯ ಕೆಲಸ. ಮೂರು ವರ್ಷಗಳಲ್ಲಿ ಚಿಕ್ಕಮ್ಮನ ಕೈ ಬರಿದಾಯಿತು. ತರಬೇತಿ ಅರ್ಧದಲ್ಲೇ ನಿಂತಿತು. ಬಳಿಕ ಲೀಡ್ಸ್ ನಗರದ ಉಪಕರಣ ತಯಾರಕರಲ್ಲಿ ವಾರಕ್ಕೆ 54 ಗಂಟೆ ದುಡಿದರೆ 11 ಷಿಲಿಂಗ್ ಸಂಬಳ. ಕೊನೆಗೆ ವಿದ್ಯುತ್ತೆಂಬ ಹೊಸ ವಿದ್ಯೆಯ ಸೆಳೆತ ಆತನನ್ನು ಲಂಡನ್ನಿನ ವಿದ್ಯುದ್ದೀಪ ಕಂಪನಿಗೆ, ಅಲ್ಲಿಂದ ಬೀದಿಗಳಿಗೂ ನಾಟಕಶಾಲೆಗಳಿಗೂ ದೀಪ ಹಾಕುವ ಕೆಲಸಕ್ಕಾಗಿ ಲಿವರ್‌ಪೂಲಿಗೆ ಒಯ್ದಿತು.

1884ರಲ್ಲಿ, ಇನ್ನೂ 21ರ ಹರೆಯದಲ್ಲಿ, ತಾನು ಉಳಿಸಿದ್ದ 20 ಪೌಂಡನ್ನು ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ ಹಾಕಿದ 50 ಪೌಂಡಿನೊಂದಿಗೆ ಕೂಡಿಸಿ ರಾಯ್ಸ್ ಮ್ಯಾಂಚೆಸ್ಟರ್‌ನ ಕುಕ್ ಸ್ಟ್ರೀಟಿನಲ್ಲಿ ಸಣ್ಣ ಕಾರ್ಖಾನೆ ತೆರೆದ. ಮನೆಬಾಗಿಲಿನ ವಿದ್ಯುತ್ ಗಂಟೆ, ದೀಪದ ಬಿಡಿಭಾಗಗಳಿಂದ ಮೊದಲಾದ ಉದ್ಯಮ ಡೈನಮೊ ಹಾಗೂ ವಿದ್ಯುತ್ ಕ್ರೇನುಗಳವರೆಗೆ ಬೆಳೆಯಿತು. ಆರಂಭದ ವರ್ಷಗಳಲ್ಲಿ ಇಬ್ಬರೂ ಕಾರ್ಯಾಗಾರದ ಮೇಲಿನ ಕೋಣೆಯಲ್ಲೇ ಉಂಡು ಮಲಗುತ್ತಿದ್ದರು. ಉಣ್ಣುವುದನ್ನೇ ಮರೆಯುವುದು ರಾಯ್ಸ್‌ನ ಸ್ವಭಾವವಾಯಿತು. ಮುಂದೆ ಸ್ವಂತ ಮನೆ ಕಟ್ಟಿಸಿದ ಮೇಲೆ ತೋಟಗಾರಿಕೆಯ ಗೀಳು ಹಿಡಿಯಿತು. ಅದಕ್ಕೂ ಹಗಲು ಸಾಲದೆ, ತೋಟದಲ್ಲಿ ವಿದ್ಯುದ್ದೀಪ ಹಾಕಿಸಿ ರಾತ್ರಿ ಅಗೆಯುತ್ತಿದ್ದ.

ಹೊಸ ಶತಮಾನ ಬರುತ್ತಿದ್ದಂತೆ ವಿದೇಶಗಳಿಂದ ಅಗ್ಗದ ವಿದ್ಯುತ್ ಯಂತ್ರಗಳು ಇಂಗ್ಲೆಂಡಿನ ಮಾರುಕಟ್ಟೆಗೆ ನುಗ್ಗಿದವು. ಸರಕಿನ ಗುಣಮಟ್ಟ ಇಳಿಸಲು ರಾಯ್ಸ್ ಒಪ್ಪಲಿಲ್ಲ. ವ್ಯಾಪಾರ ಕುಸಿಯಿತು, ಅದರೊಡನೆ ಆತನ ಆರೋಗ್ಯವೂ ಕುಸಿಯಿತು. 1902ರಲ್ಲಿ ವೈದ್ಯರ ಹಾಗೂ ಮನೆಯವರ ಒತ್ತಾಯಕ್ಕೆ ಮಣಿದು ದಕ್ಷಿಣ ಆಫ್ರಿಕಾಕ್ಕೆ ವಿಶ್ರಾಂತಿಗೆಂದು ಹೊರಟ. ಹಡಗಿನಲ್ಲಿ ಆತ ಓದಿದ್ದು ಮೋಟಾರು ವಾಹನಗಳ ರಚನೆಯನ್ನು ಕುರಿತ ಗ್ರಂಥ. ಮರಳಿ ಬಂದವನು ಕೊಂಡದ್ದು ಡೆಕೊವಿಲ್ ಎಂಬ ಫ್ರೆಂಚ್ ಕಂಪನಿಯ, ಎರಡು ಸಿಲಿಂಡರುಗಳ, ಬಳಸಿದ ಕಾರು.

ಆ ಕಾರು ರೈಲು ನಿಲ್ದಾಣದಲ್ಲಿ ಇಳಿದಾಗ ಚಾಲೂ ಆಗಲೇ ಇಲ್ಲವೆಂದೂ, ಆಳುಗಳು ಅದನ್ನು ಕುಕ್ ಸ್ಟ್ರೀಟಿನವರೆಗೆ ತಳ್ಳಿಕೊಂಡು ಬಂದರೆಂದೂ ಒಂದು ಕಥೆಯುಂಟು. ಇದರಿಂದಾಗಿ ಡೆಕೊವಿಲ್ ಕಳಪೆ ಕಾರೆಂಬ ಭಾವನೆ ಬೆಳೆದಿದೆ. ವಾಸ್ತವದಲ್ಲಿ ಅದು ಆ ಕಾಲದ ಒಳ್ಳೆಯ ಕಾರುಗಳಲ್ಲೊಂದು. ತೀರಾ ಕೆಟ್ಟದ್ದನ್ನು ಬಿಚ್ಚಿ ಕಲಿಯುವುದಕ್ಕೇನೂ ಇರುವುದಿಲ್ಲ. ಒಳ್ಳೆಯದರಲ್ಲಿ ಉಳಿದ ಕೊರತೆಯನ್ನು ಕಂಡುಹಿಡಿಯುವಾಗಲೇ ಕಣ್ಣು ಪಳಗುವುದು. ರಾಯ್ಸ್ ಅದನ್ನು ತುಂಡು ತುಂಡಾಗಿ ಬಿಚ್ಚಿದ, ಪ್ರತಿ ಭಾಗವನ್ನೂ ಪರೀಕ್ಷಿಸಿದ, ಮತ್ತೆ ಜೋಡಿಸಿ ಓಡಿಸಿದ. ಸದ್ದು ಎಲ್ಲಿಂದ ಹುಟ್ಟುತ್ತದೆ, ಕಿಡಿ ಏಕೆ ತಪ್ಪುತ್ತದೆ, ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಏಕೆ ಹದಗೆಡುತ್ತದೆ ಎಂದು ಒಂದೊಂದನ್ನೇ ಬೆನ್ನಟ್ಟಿದ. ವಿದ್ಯುತ್ತಿನ ಕೆಲಸದಲ್ಲಿ ಪಳಗಿದ್ದ ಕೈಗೆ ಆ ಕಾಲದ ಕಾರುಗಳ ದೊಡ್ಡ ದೌರ್ಬಲ್ಯವಾದ ಕಿಡಿಯ ವ್ಯವಸ್ಥೆ ಸುಲಭವಾಗಿ ಒಲಿಯಿತು. ವ್ಯಾಪಾರ ಕುಗ್ಗಿದ್ದ ಹೊತ್ತಿನಲ್ಲಿ ಪಾಲುದಾರನ ಈ ಗೀಳು ಕ್ಲೇರ್‌ಮಾಂಟ್‌ಗೆ ಹಿಡಿಸಲಿಲ್ಲ. ರಾಯ್ಸ್ ಕಿವಿಗೊಡಲಿಲ್ಲ. ಇಬ್ಬರು ಯುವ ಅಪ್ರೆಂಟಿಸ್‌ಗಳನ್ನು ಜೊತೆಗಿಟ್ಟುಕೊಂಡು ತನ್ನದೇ ಮೂರು ಕಾರುಗಳನ್ನು ಕಟ್ಟಲು ತೊಡಗಿದ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಇಂದು ಹಳೆಯ ಕಾರನ್ನು ಪುನರುಜ್ಜೀವನಗೊಳಿಸುವವರು ಕೇಳಿಕೊಳ್ಳುವ ಪ್ರಶ್ನೆ, ಇದು ತಯಾರಾದ ವರ್ಷ ಹೇಗಿತ್ತು ಎಂಬುದು. ರಾಯ್ಸ್ ಕೇಳಿಕೊಂಡದ್ದು, ಇದು ಹೇಗಿರಬೇಕಿತ್ತು ಎಂದು. ಮೊದಲನೆಯವರು ತಮ್ಮ ಜಾಣತನಕ್ಕೆ ಕಡಿವಾಣ ಹಾಕಿ ಮೂಲಕ್ಕೆ ನಿಷ್ಠರಾಗಿರಬೇಕು; ರಾಯ್ಸ್‌ಗೆ ಮೂಲದ ಹಂಗೇ ಇರಲಿಲ್ಲ. ಗುರಿ ಬೇರೆಯಾದರೂ ದಾರಿ ಮಾತ್ರ ಒಂದೇ. ಅಂಗಡಿಯಲ್ಲಿ ದೊರೆಯದ ಭಾಗವನ್ನು ಲೇತಿನಲ್ಲಿ ತಾನೇ ಕಡೆದುಕೊಳ್ಳುವುದು, ಸವೆದ ಬೇರಿಂಗನ್ನು ಬೆರಳಿನಿಂದ ಗುರುತಿಸುವುದು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ರೋಗ ಹೇಳುವುದು ಇಬ್ಬರಿಗೂ ಬೇಕಾದ ವಿದ್ಯೆ.

1904ರ ಏಪ್ರಿಲ್ 1ರಂದು ಮೊದಲ ರಾಯ್ಸ್ ಕಾರು ಕಾರ್ಖಾನೆಯಿಂದ ಹೊರಬಂತು. ಆ ವರ್ಷದ ಮೇ 4ರಂದು ಹೆನ್ರಿ ಎಡ್ಮಂಡ್ಸ್ ಎಂಬಾತನ ಮಧ್ಯಸ್ಥಿಕೆಯಿಂದ ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಚಾರ್ಲ್ಸ್ ರೋಲ್ಸ್‌ನ ಭೇಟಿಯಾಯಿತು. ರೋಲ್ಸ್ ಶ್ರೀಮಂತ ಮನೆತನದ ಕುಡಿ, ಕೇಂಬ್ರಿಜ್ ಪದವೀಧರ, ಲಂಡನ್ನಿನಲ್ಲಿ ವಿದೇಶಿ ಕಾರುಗಳ ಮಾರಾಟಗಾರ. ಎರಡು ಸಿಲಿಂಡರಿನ ಕಾರೆಂದರೆ ಅವನಿಗೆ ತಾತ್ಸಾರ. ಆದರೂ ಈ ಕಾರಿನ ನಯವಾದ, ಸದ್ದಿಲ್ಲದ ಓಟ ಅವನನ್ನು ಗೆದ್ದಿತು. ರಾಯ್ಸ್ ತಯಾರಿಸಿದ್ದನ್ನೆಲ್ಲ ತಾನೇ ಮಾರುವುದಾಗಿ ಡಿಸೆಂಬರಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ. 1906ರಲ್ಲಿ ಇಬ್ಬರ ಹೆಸರಿನ ಕಂಪನಿ ಸ್ಥಾಪನೆಯಾಯಿತು.

ಯಶಸ್ಸು ಸರಾಗವಾಗಿ ಬರಲಿಲ್ಲ. ಆರು ಸಿಲಿಂಡರುಗಳ ಮೊದಲ ಮಾದರಿಯಲ್ಲಿ ಕ್ರ್ಯಾಂಕ್‌ಶಾಫ್ಟ್ ಕಂಪನಕ್ಕೆ ಸಿಕ್ಕಿ ಮುರಿಯುತ್ತಿತ್ತು. ಮುರಿದ ತುಂಡುಗಳೇ ರಾಯ್ಸ್‌ಗೆ ಪಠ್ಯವಾದವು. ಮುಂದಿನ ಎಂಜಿನ್ನನ್ನು ಮೂರು ಮೂರು ಸಿಲಿಂಡರುಗಳ ಎರಡು ಗುಂಪುಗಳಾಗಿ ರೂಪಿಸಿ, ಶಾಫ್ಟನ್ನು ಹೆಚ್ಚು ದಪ್ಪವಾಗಿಸಿ, ಅದಕ್ಕೆ ಏಳು ಬೇರಿಂಗುಗಳ ಆಧಾರ ಕೊಟ್ಟ. ಕಾರಿನ ಚೌಕಟ್ಟಿಗೆ ಕಾಯಿಸಿ ಬಡಿಯುವ ರಿವೆಟ್ಟು ತಣ್ಣಗಾದಾಗ ರಂಧ್ರವನ್ನು ಪೂರ್ತಿ ತುಂಬುವುದಿಲ್ಲವೆಂದು ಕಂಡು, ತುದಿಯತ್ತ ಕಿರಿದಾಗುವ ಬೋಲ್ಟುಗಳನ್ನು ಬಳಕೆಗೆ ತಂದ. ಪ್ರತಿ ರಂಧ್ರವನ್ನೂ ಆ ಅಳತೆಗೆ ಸರಿಯಾಗಿ ಕೈಯಿಂದಲೇ ಕೊರೆದು ನಯಗೊಳಿಸಬೇಕಿತ್ತು. ಕುಲುಕಾಟದಲ್ಲಿ ಯಾವ ಭಾಗ ಮೊದಲು ಸೋಲುತ್ತದೆಂದು ತಿಳಿಯಲು ಇಡೀ ಕಾರನ್ನು ಎತ್ತಿ ಕುಕ್ಕುವ ಯಂತ್ರವನ್ನೇ ಕಾರ್ಖಾನೆಯಲ್ಲಿ ಸ್ಥಾಪಿಸಿದ.

ಹೀಗೆ ರೂಪುಗೊಂಡ ಕಾರು 1907ರಲ್ಲಿ ‘ಸಿಲ್ವರ್ ಘೋಸ್ಟ್’ ಹೆಸರಿನಿಂದ ಲಂಡನ್ ಮತ್ತು ಗ್ಲಾಸ್ಗೊ ನಡುವೆ ಹಗಲಿರುಳು 15,000 ಮೈಲಿ ಓಡಿತು. 629ನೇ ಮೈಲಿಯಲ್ಲಿ ಪೆಟ್ರೋಲಿನ ನಲ್ಲಿ ಅಲುಗಾಟಕ್ಕೆ ತಾನಾಗಿ ಮುಚ್ಚಿಕೊಂಡು ಒಮ್ಮೆ ನಿಂತಿತು. ಉಳಿದ 14,371 ಮೈಲಿ ಯಾಂತ್ರಿಕ ದೋಷದಿಂದ ನಿಲ್ಲಲೇ ಇಲ್ಲ. ಬಳಿಕ ಪರೀಕ್ಷಕರು ಕಾರನ್ನು ಬಿಚ್ಚಿ ಪ್ರತಿ ಭಾಗದ ಸವಕಳಿಯನ್ನು ಅಳೆದರು. ಅದನ್ನು ಮತ್ತೆ ಹೊಸದರಂತೆ ಮಾಡಲು ತಗಲುವ ಬಿಡಿಭಾಗಗಳ ವೆಚ್ಚ ಎರಡು ಪೌಂಡಿಗಿಂತ ತುಸು ಹೆಚ್ಚು ಮಾತ್ರವೆಂದು ತೇಲಿತು. 1926ರವರೆಗೆ ತಯಾರಾದ ಈ ಮಾದರಿಯ ಅನೇಕ ಕಾರುಗಳು ಇಂದಿಗೂ ಓಡುತ್ತಿವೆ. ಬಾಳಿಕೆಯನ್ನೂ ಬಿಚ್ಚಿ ಜೋಡಿಸುವ ಅವಕಾಶವನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದೇ ಅದಕ್ಕೆ ಕಾರಣ.

1910ರ ಜುಲೈ 12ರಂದು ವಿಮಾನ ಅಪಘಾತದಲ್ಲಿ ರೋಲ್ಸ್ ತೀರಿಕೊಂಡ; ಆಗ ಅವನಿಗೆ 32 ವರ್ಷ. ಮರುವರ್ಷ ರಾಯ್ಸ್ ಹಾಸಿಗೆ ಹಿಡಿದ. ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಕೆಲವೇ ತಿಂಗಳ ಆಯುಷ್ಯವೆಂದು ವೈದ್ಯರು ಕೈಚೆಲ್ಲಿದರು. ಕಂಪನಿಯ ಆಡಳಿತ ನಡೆಸುತ್ತಿದ್ದ ಕ್ಲಾಡ್ ಜಾನ್ಸನ್, ಚಳಿಗಾಲಕ್ಕೆ ಫ್ರಾನ್ಸಿನ ದಕ್ಷಿಣ ತೀರದಲ್ಲಿ, ಬೇಸಗೆಗೆ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ವಸತಿ ಏರ್ಪಡಿಸಿ ಆತನನ್ನು ಡರ್ಬಿಯ ಕಾರ್ಖಾನೆಯಿಂದ ದೂರವಿರಿಸಿದ. ಅಲ್ಲಿಂದಲೇ ರಾಯ್ಸ್ ಇಪ್ಪತ್ತು ವರ್ಷ ಕೆಲಸ ಮಾಡಿದ. ನಕ್ಷೆ, ಟಿಪ್ಪಣಿಗಳು ಅಂಚೆಯಲ್ಲಿ ಹೋಗುತ್ತಿದ್ದವು; ತಯಾರಾದ ಭಾಗಗಳು ಪರಿಶೀಲನೆಗೆ ಆತನ ಬಳಿಗೆ ಬರುತ್ತಿದ್ದವು.

ಈ ಪರಿಪೂರ್ಣತೆಯ ಹಂಬಲಕ್ಕೆ ಇನ್ನೊಂದು ಮುಖವೂ ಇತ್ತು. ಹೊತ್ತು ಗೊತ್ತಿಲ್ಲದೆ ದುಡಿಯುತ್ತಿದ್ದ ರಾಯ್ಸ್ ಕೈಕೆಳಗಿನವರಿಂದಲೂ ಅದನ್ನೇ ನಿರೀಕ್ಷಿಸಿದ; ಕೆಲಸದಲ್ಲಿ ಅಜಾಗ್ರತೆ ಕಂಡರೆ ಆತನ ಸಿಟ್ಟಿಗೆ ಎಣೆಯಿರಲಿಲ್ಲ. ಪತ್ನಿ ಮಿನ್ನಿಯೊಂದಿಗಿನ ಬಾಳು ಮುರಿದು, ಕಾಯಿಲೆಯ ನಂತರ ಇಬ್ಬರೂ ಬೇರೆ ಬೇರೆ ಉಳಿದರು. ಲೋಹದ ಆಯಾಸವನ್ನು ಅಷ್ಟು ಸೂಕ್ಷ್ಮವಾಗಿ ಅರಿತಿದ್ದವನು ತನ್ನ ದೇಹದ ಆಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಂತ್ರಗಳ ವಿಷಯದಲ್ಲಿ ಆತನಿಗಿದ್ದ ವಿವೇಕ ಬದುಕಿನ ವಿಷಯದಲ್ಲಿ ಇರಲಿಲ್ಲವೆನ್ನದೆ ವಿಧಿಯಿಲ್ಲ.

ಮೊದಲ ಮಹಾಯುದ್ಧ ಆತನನ್ನು ವಿಮಾನದ ಎಂಜಿನ್ನುಗಳತ್ತ ತಿರುಗಿಸಿತು. ಆತ ರೂಪಿಸಿದ ಎರಡು ‘ಈಗಲ್’ ಎಂಜಿನ್ನುಗಳ ಬಲದಿಂದಲೇ 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಅಟ್ಲಾಂಟಿಕ್ ಸಾಗರವನ್ನು ಎಲ್ಲೂ ಇಳಿಯದೆ ದಾಟಿದರು. 1930ರಲ್ಲಿ ರಾಯ್ಸ್‌ಗೆ ಬ್ಯಾರನೆಟ್ ಪದವಿ ಬಂತು. 1933ರ ಏಪ್ರಿಲ್ 22ರಂದು ವೆಸ್ಟ್ ವಿಟರಿಂಗ್ ಗ್ರಾಮದಲ್ಲಿ ಆತ ಕೊನೆಯುಸಿರೆಳೆದ. ಮುಂದೆ ಸ್ಪಿಟ್‌ಫೈರ್ ವಿಮಾನಗಳನ್ನು ಹಾರಿಸಿದ ‘ಮರ್ಲಿನ್’ ಎಂಜಿನ್ ಮೊದಲ ಬಾರಿಗೆ ಚಾಲೂ ಆದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.

ಆತನ ಕಾರುಗಳಿಗೆ ಭಾರತದ ಸಂಸ್ಥಾನಿಕರು ಬಹುದೊಡ್ಡ ಗಿರಾಕಿಗಳಾಗಿದ್ದರು. ಮೈಸೂರಿನ ಒಡೆಯರೂ ಅವರಲ್ಲಿದ್ದರು. ಮಹಾರಾಜರೊಬ್ಬರು ಸಿಟ್ಟಿನಿಂದ ಈ ಕಾರುಗಳಲ್ಲಿ ಕಸ ಹೊರಿಸಿದರೆಂಬ ಪುರಾವೆಯಿಲ್ಲದ ಕಥೆಯನ್ನು ನಾವು ಇಂದಿಗೂ ಚಪ್ಪರಿಸುತ್ತೇವೆ. ಆದರೆ ಬಿಸಿಲು, ದೂಳು, ಹಳ್ಳಕೊಳ್ಳಗಳ ನಡುವೆ ಅವುಗಳನ್ನು ದಶಕಗಳ ಕಾಲ ಓಡುವಂತೆ ಇರಿಸಿದ ಮೆಕ್ಯಾನಿಕರ ಹೆಸರುಗಳು ಎಲ್ಲೂ ದಾಖಲಾಗಲಿಲ್ಲ. ಧರ್ಮಸ್ಥಳದ ಸಂಗ್ರಹಾಲಯದಂಥ ಕಡೆಗಳಲ್ಲಿ ಹಳೆಯ ವಾಹನಗಳನ್ನು ನೋಡುವಾಗ ನೆನೆಯಬೇಕಾದದ್ದು ಅವರನ್ನೂ ಹೌದು.

2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳಿಗೆ ಪ್ರತ್ಯೇಕ ‘ವಿಂಟೇಜ್’ ನೋಂದಣಿಯ ವ್ಯವಸ್ಥೆ ಮಾಡಿತು. ವಾಹನವನ್ನು ಕಾನೂನು ಉಳಿಸಬಲ್ಲದು. ಅದನ್ನು ದುರಸ್ತಿ ಮಾಡುವ ಕೈಯನ್ನು ಉಳಿಸಲಾರದು. ಇಂದಿನ ಕಾರಿನಲ್ಲಿ ಕೆಟ್ಟ ಭಾಗವನ್ನು ಬಿಚ್ಚುವ ರೂಢಿ ಕಡಿಮೆ. ಮುಚ್ಚಿದ ಪೆಟ್ಟಿಗೆಯನ್ನು ಇಡಿಯಾಗಿ ತೆಗೆದು ಮತ್ತೊಂದನ್ನು ಕೂರಿಸುತ್ತಾರೆ. ಫೋನು, ಮಿಕ್ಸಿ, ವಾಷಿಂಗ್ ಮೆಷಿನ್ನುಗಳ ಗತಿಯೂ ಅದೇ. ಹಾಗಾಗಿ ಹಳೆಯ ಕಾರಿನ ಹವ್ಯಾಸವನ್ನು ಉಳ್ಳವರ ಶೋಕಿಯೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಸಾಧಾರಣ ಫಿಯೆಟ್ಟನ್ನೋ ಆಸ್ಟಿನ್ನನ್ನೋ ರಜಾದಿನಗಳಲ್ಲಿ ಬಿಚ್ಚಿ ಜೋಡಿಸುವವರು, ಅವರಿಗೆ ಭಾಗ ಕಡೆದುಕೊಡುವ ಲೇತಿನ ಕುಶಲಕರ್ಮಿಗಳು, ಒಂದು ವಿದ್ಯೆ ಕಣ್ಮರೆಯಾಗದಂತೆ ಕಾಯುತ್ತಿದ್ದಾರೆ.

ರಾಯ್ಸ್‌ನ ಚಿತಾಭಸ್ಮವನ್ನು ಮೊದಲು ಡರ್ಬಿ ಕಾರ್ಖಾನೆಯಲ್ಲಿನ ಆತನ ಪ್ರತಿಮೆಯ ಬುಡದಲ್ಲಿ ಇರಿಸಿದ್ದರು. 1937ರಲ್ಲಿ ಅದನ್ನು ಆಲ್ವಾಲ್ಟನ್‌ನ ಚರ್ಚಿಗೆ ಸಾಗಿಸಿದರು. ತಂದೆಯ ಗಿರಣಿ ಕೈಬಿಟ್ಟು ಹೋಗಿದ್ದ ಊರಿಗೆ ಮಗ ಹೀಗೆ ಮರಳಿದ. ಆತ ಕೊಂಡ ಕಾರು ಹಳೆಯದಾಗಿತ್ತು; ಬಿಚ್ಚಲು ಬರುವಂತಿತ್ತು. ಬಿಚ್ಚಲಾಗದ ವಸ್ತುಗಳನ್ನಷ್ಟೇ ಮಕ್ಕಳ ಕೈಗೆ ಕೊಡುತ್ತಿರುವ ನಾವು, ಇನ್ನೊಬ್ಬ ರಾಯ್ಸ್‌ನನ್ನು ನಿರೀಕ್ಷಿಸುವ ಮುನ್ನ ಅದನ್ನೊಮ್ಮೆ ನೆನೆಯಬೇಕು.