ಕುಂಚ ಕೆಳಗಿಟ್ಟು ಮತ್ತೆ ಹಿಡಿದ ರುಮಾಲೆ

ಜಲವರ್ಣವೆಂದರೆ ತೆಳುವಾದ, ನೀರು ನೀರಾದ ಬಣ್ಣವೆಂಬ ನಂಬಿಕೆ ರುಮಾಲೆ ಚೆನ್ನಬಸವಯ್ಯನವರ ನಿಸರ್ಗಚಿತ್ರಗಳ ಮುಂದೆ ನಿಲ್ಲುವುದಿಲ್ಲ. ನೀರಿನ ಬಣ್ಣವನ್ನೇ ಅವರು ತೈಲವರ್ಣದಷ್ಟು ಗಾಢವಾಗಿ, ಸಣ್ಣ ಸಣ್ಣ ಗೀರುಗಳಲ್ಲಿ ಒತ್ತೊತ್ತಾಗಿ ಹಚ್ಚಿದರು. ಫ್ರಾನ್ಸಿನ ಇಂಪ್ರೆಷನಿಸ್ಟರಂತೆ ಬಯಲಲ್ಲೇ ಕುಳಿತು, ಮರಕ್ಕಿಂತ ಮರದ ಮೇಲೆ ಬಿದ್ದ ಬಿಸಿಲನ್ನು ಚಿತ್ರಿಸಿದವರು ಅವರು.

1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ರುಮಾಲೆ ಬೆಂಗಳೂರಿನ ಕಲಾಮಂದಿರದಲ್ಲಿ, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಚಿತ್ರಕಲೆ ಕಲಿತರು. ಕೈ ಪಳಗುತ್ತಿದ್ದ ಹೊತ್ತಿಗೇ ಸ್ವಾತಂತ್ರ್ಯ ಚಳವಳಿ ಕರೆಯಿತು. ಕುಂಚ ಕೆಳಗಿಟ್ಟು ಸೇವಾದಳ ಸೇರಿದರು, ಸೆರೆವಾಸ ಅನುಭವಿಸಿದರು. ಸ್ವಾತಂತ್ರ್ಯಾನಂತರ ವಿಧಾನ ಪರಿಷತ್ತಿನ ಸದಸ್ಯತ್ವ, ಆಮೇಲೆ ‘ತಾಯಿನಾಡು’ ದಿನಪತ್ರಿಕೆಯ ಸಂಪಾದಕತ್ವ. ಪತ್ರಿಕಾ ಕಚೇರಿಯ ರಾತ್ರಿಗಳನ್ನು ಬಲ್ಲವರಿಗೆ ಅಲ್ಲಿ ಚಿತ್ರ ಬರೆಯಲು ಬಿಡುವೆಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಕಲಾವಿದನ ಯೌವನ ಹೀಗೇ ಕಳೆಯಿತು.

1962ರ ಸುಮಾರಿಗೆ, ಐವತ್ತು ದಾಟಿದ ಮೇಲೆ, ಅವರು ಮತ್ತೆ ಬಣ್ಣದ ಪೆಟ್ಟಿಗೆ ತೆರೆದರು. ಆ ವಯಸ್ಸಿನಲ್ಲಿ ಹೆಚ್ಚಿನವರು ಇದನ್ನು ಹವ್ಯಾಸವೆನ್ನುತ್ತಿದ್ದರು. ರುಮಾಲೆಯವರಿಗೆ ಅದೇ ಬದುಕಾಯಿತು. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಲ್ಲಿ ಗುಲ್‌ಮೊಹರ್, ಜಕರಂಡಾ ಹೂಬಿಟ್ಟಾಗ ಅವರು ಅಲ್ಲಿರುತ್ತಿದ್ದರು. ಊರಾಚೆಯ ಬಯಲು, ಬೆಟ್ಟ, ಹಳ್ಳಿದಾರಿಗಳೂ ಅವರ ಹಾಳೆಗೆ ಬಂದವು. ನೆರಳನ್ನೂ ಕಪ್ಪಾಗಲು ಬಿಡದೆ ನೀಲಿ, ನೇರಳೆಗಳಲ್ಲಿ ತೋರಿಸಿದ್ದು ಈ ಚಿತ್ರಗಳ ಸೊಗಸು. ಅಂದಿನ ಬೆಂಗಳೂರಿನಂಚಿನ ಎಷ್ಟೋ ಹಸಿರು ಈಗ ಬಡಾವಣೆಗಳಡಿ ಸೇರಿದೆ.

1988ರಲ್ಲಿ ರುಮಾಲೆ ನಿಧನರಾದರು. ಎರಡನೆಯ ಬಾರಿ ಹಿಡಿದ ಕುಂಚ ಅವರ ಕೈಯಲ್ಲಿದ್ದದ್ದು ಸುಮಾರು 26 ವರ್ಷ. ಕೆಳಗಿಟ್ಟಿದ್ದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ.