ಸಮುದ್ರದಡಿಯ ಆರ್‌ಸಿ ಸರ್ಕ್ಯೂಟ್: ಲಾರ್ಡ್ ಕೆಲ್ವಿನ್

ನಮ್ಮ ಲ್ಯಾಬ್‌ನಲ್ಲಿ ಆರ್‌ಸಿ ಸರ್ಕ್ಯೂಟ್ ಅಂದ್ರೆ 10 ಕಿಲೋಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು ಸ್ಟಾಪ್‌ವಾಚ್. ಎರಡನ್ನೂ ಗುಣಿಸಿದರೆ 10 ಸೆಕೆಂಡ್. ಅಷ್ಟೊತ್ತಿಗೆ ಕೆಪಾಸಿಟರ್ ವೋಲ್ಟೇಜ್ ಸಪ್ಲೈಯ 63% ಮುಟ್ಟಿರ್ತದ, ಕರೆಂಟ್ ಶುರುವಿನ 37%ಗೆ ಇಳಿದಿರ್ತದ. ಗ್ರಾಫ್ ಎಳೆದು ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡು ಮರೆತುಬಿಡ್ತೀವಿ. ಈ ಗ್ರಾಫಿನ ಬೆಲೆ ಸಮುದ್ರದಲ್ಲಿ ನಿಂತು ಕಂಡವರು ವಿಲಿಯಂ ಥಾಮ್ಸನ್. ನಮಗೆ ಗೊತ್ತಿರೋ ಹೆಸರು ಕೆಲ್ವಿನ್. ಕಲಬುರಗಿಯ ಮೇ ತಿಂಗಳ ಬಿಸಿಲನ್ನು ಅವರ ಹೆಸರಲ್ಲಿ ಅಳೆದರೆ 300 ದಾಟಿರ್ತದ!

ಹುಟ್ಟಿದ್ದು 1824ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಆರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ಗಣಿತ ಕಲಿಸುತ್ತಿದ್ದ ತಂದೆಯೇ ಮಕ್ಕಳನ್ನು ಓದಿಸಿದರು. ಹತ್ತನೇ ವರ್ಷಕ್ಕೆ ಗ್ಲಾಸ್ಗೋ ವಿಶ್ವವಿದ್ಯಾಲಯದ ತರಗತಿ, 22ಕ್ಕೆ ಅಲ್ಲೇ ಪ್ರೊಫೆಸರ್. ಹದಿನಾರರ ವಯಸ್ಸಿನಲ್ಲೇ ಶಾಖದ ಬಗ್ಗೆ ಫೂರಿಯೆ ಬರೆದ ಗಣಿತವನ್ನು ಓದಿ ಮುಗಿಸಿದ್ದರು. ಆ ಓದು ಮುಂದೆ ಕೆಲಸಕ್ಕೆ ಬಂತು.

1850ರ ದಶಕದಲ್ಲಿ ಅಟ್ಲಾಂಟಿಕ್ ಸಾಗರದ ಅಡಿ ಟೆಲಿಗ್ರಾಫ್ ಕೇಬಲ್ ಹಾಕುವ ಮಾತು ಎದ್ದಿತು. ಒಳಗೆ ತಾಮ್ರ, ಸುತ್ತ ಇನ್ಸುಲೇಶನ್, ಹೊರಗೆ ಉಪ್ಪುನೀರು. ನೋಡಿದರೆ ಇಡೀ ಕೇಬಲ್ ಒಂದು ಉದ್ದನೆಯ ಕೆಪಾಸಿಟರ್! ಕಂಬಿಯಲ್ಲಿ ಶಾಖ ಹರಡುವ ಸಮೀಕರಣವೇ ಇಲ್ಲಿಗೂ ಸಲ್ಲುತ್ತದೆ ಎಂದು ಥಾಮ್ಸನ್ 1854ರಲ್ಲಿ ಕಂಡುಕೊಂಡರು. ಕಲಬುರಗಿಯಿಂದ ಕಮಲಾಪುರಕ್ಕೆ ಅಂಥ ಕೇಬಲ್ ಎಳೆದಿದ್ದೀವಿ ಅಂದುಕೊಳ್ಳಿ. ಅದನ್ನೇ ಹುಮನಾಬಾದ್ ಕಡೆ ಎರಡು ಪಟ್ಟು ಉದ್ದ ಮಾಡಿದರೆ ರೆಸಿಸ್ಟನ್ಸ್ ಎರಡು ಪಟ್ಟು, ಕೆಪಾಸಿಟನ್ಸೂ ಎರಡು ಪಟ್ಟು. ಬಸ್ಸಿಗೆ ಎರಡರಷ್ಟು ಹೊತ್ತು ಸಾಕು, ಸಿಗ್ನಲ್‌ಗೆ ನಾಲ್ಕರಷ್ಟು ಬೇಕು.

ಕಂಪನಿಯ ಎಲೆಕ್ಟ್ರಿಷಿಯನ್ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಓದಿನಿಂದ ಅವರು ವೈದ್ಯರು. ತಾಮ್ರ ದಪ್ಪ ಇರಲಿ ಎಂದು ಥಾಮ್ಸನ್ ಹೇಳುವಷ್ಟರಲ್ಲಿ ತೆಳು ತಂತಿಯ ಕೇಬಲ್ ತಯಾರಾಗುತ್ತಿತ್ತು. ಆದರೂ ಥಾಮ್ಸನ್ ಮುನಿಸಿಕೊಂಡು ಮನೆಯಲ್ಲಿ ಕೂರದೆ, ಕೇಬಲ್ ಹಾಕುವ ಹಡಗನ್ನೇ ಹತ್ತಿದರು. ನಮಗೆ ಅವರು ಇಷ್ಟವಾಗೋದು ಇಲ್ಲೇ.

1858ರ ಆಗಸ್ಟ್‌ನಲ್ಲಿ ಎರಡು ದಡ ಸೇರಿದವು. ರಾಣಿ ವಿಕ್ಟೋರಿಯಾರ 98 ಪದಗಳ ಸಂದೇಶ ದಾಟಲು 16 ಗಂಟೆ ಹಿಡಿಯಿತು. ವೈಟ್‌ಹೌಸ್ ಸುಮಾರು 2000 ವೋಲ್ಟ್ ಕೊಟ್ಟು ನೋಡಿದರು. ಲ್ಯಾಬ್ ಗ್ರಾಫ್ ನೆನಪಿಸಿಕೊಳ್ಳಿ: ಸಪ್ಲೈ ಏರಿಸಿದರೆ ಗ್ರಾಫ್ ಎತ್ತರ ಆಗ್ತದ, 63% ಮುಟ್ಟುವ ಹೊತ್ತು ಮಾತ್ರ ಅಷ್ಟೇ ಇರ್ತದ. ಥಾಮ್ಸನ್ ದಾರಿ ಬೇರೆ. ಪುಟ್ಟ ಕನ್ನಡಿ ಅಂಟಿಸಿದ ಗ್ಯಾಲ್ವನೋಮೀಟರ್ ಮಾಡಿದರು. ಅದರಲ್ಲಿ ಕರೆಂಟ್ ಚೂರು ಏಳುತ್ತಿದ್ದಂತೆ ಬೆಳಕಿನ ಚುಕ್ಕೆ ಸರಿಯುತ್ತಿತ್ತು, ಪೂರ್ತಿ ಏರುವತನಕ ಕಾಯುವ ಗರಜೇ ಇಲ್ಲ. ಆದರೆ ಮೊದಲೇ ದುರ್ಬಲವಾಗಿದ್ದ ಇನ್ಸುಲೇಶನ್ ಆ ವೋಲ್ಟೇಜ್ ತಾಳಲಿಲ್ಲ. ಕೆಲವೇ ವಾರಗಳಲ್ಲಿ ಕೇಬಲ್ ಸತ್ತುಹೋಯಿತು, ಹಾಕಿದ ಹಣವೂ ಮುಳುಗಿತು.

ಎಂಟು ವರ್ಷದ ನಂತರ, 1866ರಲ್ಲಿ, ದಪ್ಪ ತಾಮ್ರದ ಕೇಬಲ್ ಗೆದ್ದಿತು. ಥಾಮ್ಸನ್‌ರಿಗೆ ಸರ್ ಪದವಿ ಬಂತು, 1892ರಲ್ಲಿ ಲಾರ್ಡ್ ಕೆಲ್ವಿನ್ ಆದರು. 1907ರಲ್ಲಿ ತೀರಿಕೊಂಡಾಗ ನ್ಯೂಟನ್ ಸಮಾಧಿಯ ಹತ್ತಿರವೇ ಮಣ್ಣು ಮಾಡಿದರು. ಅಟ್ಲಾಂಟಿಕ್ ಕೇಬಲ್ ಹಾಕಿದ ಗ್ರೇಟ್ ಈಸ್ಟರ್ನ್ ಹಡಗು 1870ರಲ್ಲಿ ನಮ್ಮ ಮುಂಬೈಗೂ ಬಂದು ಏಡನ್‌ವರೆಗೆ ಕೇಬಲ್ ಇಳಿಸಿತು.