ಮಾಂಟೆಸರಿ ಶಾಲೆ ಹುಟ್ಟಿದ್ದು ಕೂಲಿಕಾರರ ಕೇರಿಯಲ್ಲಿ

ಹೋದ ಬೇಸಿಗೆಯಲ್ಲಿ ಅಕ್ಕನ ಮಗಳ ಅಡ್ಮಿಷನ್‌ಗೆ ಅಂತ ಬೆಂಗಳೂರಿನ ಒಂದು ಶಾಲೆಗೆ ಹೋಗಿದ್ದೆವು. ಬೋರ್ಡಿನ ಮೇಲೆ ಮಾಂಟೆಸರಿ ಅಂತ ದೊಡ್ಡದಾಗಿ ಬರೆದಿತ್ತು. ಕೌಂಟರಿನಲ್ಲಿ ಕೊಟ್ಟ ಫೀಸಿನ ಪಟ್ಟಿಯಲ್ಲಿ ಟ್ಯೂಷನ್ ಫೀ ಕೆಳಗೆ ಇನ್ನೂ ಎರಡು ಸಾಲು ಇದ್ದವು. ಒಂದು ಆಕ್ಟಿವಿಟಿ ಫೀ, ಇನ್ನೊಂದು ಫೀಲ್ಡ್ ಟ್ರಿಪ್ ಫೀ. ಅಂದರೆ ಮಗು ಕೈಯಿಂದ ಮುಟ್ಟಿ ಕಲಿಯೋದಕ್ಕೆ ಒಂದು ರೇಟು, ಗೇಟು ದಾಟಿ ಹೊರಗೆ ಹೋಗಿ ಕಲಿಯೋದಕ್ಕೆ ಮತ್ತೊಂದು ರೇಟು. ಅಕ್ಕ ಪಟ್ಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಇಬ್ಬರೂ ಏನೂ ಮಾತಾಡದೆ ಆಟೋ ಹತ್ತಿದೆವು.

ನಾನು ಓದಿದ್ದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಒಂದು ದಿನ ನಮ್ಮನ್ನೆಲ್ಲ ಸಾಲಾಗಿ ಕೆರೆ ಏರಿಗೆ ಕರೆದುಕೊಂಡು ಹೋಗಿ, ತೂಬು ಎತ್ತಿದರೆ ನೀರು ಕಾಲುವೆಗೆ ಹೇಗೆ ಇಳಿಯುತ್ತೆ ಅಂತ ತೋರಿಸಿದ್ದರು. ಅದಕ್ಕೆ ಯಾರೂ ಫೀಸು ಕೇಳಲಿಲ್ಲ. ಮುಂದೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೈಡ್ರಾಲಿಕ್ಸ್ ಲ್ಯಾಬ್ ರೆಕಾರ್ಡನ್ನು ಸೀನಿಯರ್ ಪುಸ್ತಕ ನೋಡಿ ನಕಲು ಮಾಡಿದ್ದೆ. ಆ ರೆಕಾರ್ಡಿನಲ್ಲಿ ಏನಿತ್ತು ಅಂತ ಇವತ್ತು ಒಂದು ಸಾಲೂ ನೆನಪಿಲ್ಲ. ತೂಬಿನ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ಆ ದಿನ ಮನೆಗೆ ಬಂದ ಮೇಲೆ, ಬೋರ್ಡಿನ ಮೇಲಿದ್ದ ಹೆಸರಿನ ಹೆಂಗಸು ನಿಜಕ್ಕೂ ಯಾರು ಅಂತ ಓದುತ್ತಾ ಕೂತೆ. ಓದಿದಷ್ಟೂ ಆ ಫೀಸಿನ ಪಟ್ಟಿ ಹೆಚ್ಚು ವಿಚಿತ್ರವಾಗಿ ಕಾಣತೊಡಗಿತು.

ಮರಿಯಾ ಮಾಂಟೆಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಲ್ಲೆ ಎಂಬ ಸಣ್ಣ ಊರಿನಲ್ಲಿ. ಅಪ್ಪ ಸರ್ಕಾರಿ ನೌಕರ. ಅವರಿಗೆ ವರ್ಗವಾದ ಮೇಲೆ ಕುಟುಂಬ ರೋಮ್‌ಗೆ ಬಂತು. ಹೆಣ್ಣುಮಕ್ಕಳು ಓದಿದರೆ ಟೀಚರ್ ಆಗಬಹುದು, ಅಷ್ಟೇ ಅನ್ನುವ ಕಾಲ ಅದು. ಈ ಹುಡುಗಿಗೆ ಅದು ಬೇಡವಾಗಿತ್ತು. ಹದಿಮೂರನೇ ವಯಸ್ಸಿನಲ್ಲಿ ಗಂಡುಮಕ್ಕಳೇ ತುಂಬಿದ್ದ ತಾಂತ್ರಿಕ ಶಾಲೆ ಸೇರಿದಳು. ಇಂಜಿನಿಯರ್ ಆಗಬೇಕು ಅನ್ನೋದು ಅವಳ ಆಸೆ. ಇಂಜಿನಿಯರಿಂಗ್ ಓದಿ ಬೇರೆ ದಾರಿ ಹಿಡಿದ ನನ್ನಂಥವನಿಗೆ ಇದನ್ನು ಓದಿದಾಗ ಸಣ್ಣದೊಂದು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವಳು ಮನಸ್ಸು ಬದಲಿಸಿ ವೈದ್ಯಕೀಯಕ್ಕೆ ಹೋದಳು. ಹೆಣವನ್ನು ಗಂಡಸರ ಜೊತೆ ನಿಂತು ಕೊಯ್ಯುವುದು ಹೆಣ್ಣಿಗೆ ಸಲ್ಲದು ಅಂತ, ಎಲ್ಲರೂ ಹೋದ ಮೇಲೆ ಒಬ್ಬಳೇ ಆ ಕೋಣೆಯಲ್ಲಿ ಕೆಲಸ ಮಾಡಬೇಕಿತ್ತು. 1896ರಲ್ಲಿ ಡಾಕ್ಟರ್ ಆಗಿ ಹೊರಬಂದಳು. ಅದೇ ವರ್ಷ ಬರ್ಲಿನ್‌ನ ಮಹಿಳಾ ಸಮ್ಮೇಳನಕ್ಕೆ ಇಟಲಿಯ ಪ್ರತಿನಿಧಿಯಾಗಿ ಹೋಗಿ, ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಬೇಕು ಅಂತ ವಾದಿಸಿದಳು. ಇಂಥ ಹೆಣ್ಣು ಮುಂದೆ ಮಕ್ಕಳ ಶಾಲೆಗೆ ಕೈಹಾಕಿದ್ದು ಮಕ್ಕಳು ಮುದ್ದು ಅನ್ನುವ ಕಾರಣಕ್ಕಂತೂ ಅಲ್ಲ.

ರೋಮ್ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾ ವಿಭಾಗದಲ್ಲಿದ್ದಾಗ ಅವರು ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಿತ್ತು. ಬುದ್ಧಿಮಾಂದ್ಯರು ಅಂತ ಹಣೆಪಟ್ಟಿ ಹಚ್ಚಿದ ಮಕ್ಕಳನ್ನೂ ಅಲ್ಲೇ ಕೂಡಿಹಾಕುತ್ತಿದ್ದರು. ಹಿಡಿಯಲು ಒಂದು ವಸ್ತುವಿಲ್ಲ, ಆಡಲು ಒಂದು ಆಟಿಕೆಯಿಲ್ಲ, ಸುತ್ತ ಬರೀ ಗೋಡೆ. ಈ ಮಕ್ಕಳಿಗೆ ಬೇಕಿರೋದು ಔಷಧಿಗಿಂತ ಹೆಚ್ಚಾಗಿ ಕೈಗೆ ಕೆಲಸ ಅಂತ ಮಾಂಟೆಸರಿಗೆ ಅನ್ನಿಸಿತು. ಇಟಾರ್ಡ್, ಸೆಗ್ಯಾಂ ಎಂಬ ಇಬ್ಬರು ಫ್ರೆಂಚ್ ವೈದ್ಯರು ಇಂಥ ಮಕ್ಕಳಿಗಾಗಿ ದಶಕಗಳ ಹಿಂದೆಯೇ ಮಾಡಿದ್ದ ಪ್ರಯೋಗಗಳನ್ನು ಹುಡುಕಿ ಓದಿದರು. ಮುಟ್ಟಿ, ಜೋಡಿಸಿ, ಎತ್ತಿ, ಇಳಿಸಿ ಕಲಿಯುವ ವಸ್ತುಗಳನ್ನು ಮಾಡಿಸಿದರು. ಆ ಮಕ್ಕಳು ಓದು ಬರಹ ಕಲಿತಾಗ ಎಲ್ಲರೂ ಬೆರಗಾದರು. ಮಾಂಟೆಸರಿಗೆ ಬಂದ ಪ್ರಶ್ನೆಯೇ ಬೇರೆ: ಈ ಮಕ್ಕಳೇ ಕಲಿಯೋದಾದರೆ, ಮಾಮೂಲಿ ಶಾಲೆಯಲ್ಲಿ ಕೂತಿರುವ ಆರೋಗ್ಯವಂತ ಮಕ್ಕಳು ಯಾಕೆ ಹಿಂದೆ ಬಿದ್ದಿದ್ದಾರೆ?

ಉತ್ತರ ಹುಡುಕುವ ಅವಕಾಶ ಸಿಕ್ಕಿದ್ದು ಸ್ಯಾನ್ ಲೊರೆಂಜೊದಲ್ಲಿ. ಅದು ರೋಮ್‌ನ ಕೂಲಿಕಾರರ ಬಡಾವಣೆ. ಒಂದು ಕಟ್ಟಡ ಕಂಪನಿ ಅಲ್ಲಿನ ವಸತಿಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತ್ತು. ಅಪ್ಪ ಅಮ್ಮ ಕೂಲಿಗೆ ಹೋದರೆ ಸಣ್ಣ ಮಕ್ಕಳು ಇಡೀ ದಿನ ಮೆಟ್ಟಿಲ ಮೇಲೆ ಓಡಾಡುತ್ತ ಹೊಸದಾಗಿ ಸುಣ್ಣ ಬಳಿದ ಗೋಡೆ ಗೀಚುತ್ತಿದ್ದವು. ಕಂಪನಿಗೆ ಚಿಂತೆ ಇದ್ದದ್ದು ಗೋಡೆಯದು. ಮಕ್ಕಳನ್ನು ಒಂದು ಕೋಣೆಯಲ್ಲಿ ಸೇರಿಸಿ ನೋಡಿಕೊಂಡರೆ ದುರಸ್ತಿ ಖರ್ಚು ಉಳಿಯುತ್ತೆ, ಆ ದುಡ್ಡಿನಲ್ಲೇ ಶಾಲೆ ನಡೆಸಬಹುದು ಅನ್ನೋದು ಅವರ ಲೆಕ್ಕ. 1907ರ ಜನವರಿ 6ರಂದು ಸುಮಾರು 50 ಮಕ್ಕಳೊಂದಿಗೆ ಮಕ್ಕಳ ಮನೆ ಶುರುವಾಯಿತು. ಇವತ್ತು ಲಕ್ಷಗಳ ಫೀಸು ಕೇಳುವ ಪದ್ಧತಿಯೊಂದು ಬಾಡಿಗೆ ಮನೆಯ ಗೋಡೆ ಉಳಿಸುವ ನೆಪದಲ್ಲಿ ಹುಟ್ಟಿತು ಅಂದರೆ ನಂಬೋಕೆ ಕಷ್ಟ, ಆದರೆ ನಡೆದದ್ದು ಹೀಗೇ.

ಅಲ್ಲಿ ಮಾಂಟೆಸರಿ ಮಾಡಿದ ಮುಖ್ಯ ಕೆಲಸ ಸುಮ್ಮನೆ ನೋಡುವುದು. ಮಕ್ಕಳು ಏನು ಎತ್ತಿಕೊಳ್ಳುತ್ತವೆ, ಯಾವುದನ್ನು ಬಿಡುತ್ತವೆ, ಯಾವುದನ್ನು ಮತ್ತೆ ಮತ್ತೆ ಮಾಡುತ್ತವೆ ಅಂತ ಡಾಕ್ಟರ್ ರೋಗಿಯನ್ನು ಗಮನಿಸಿದ ಹಾಗೆ ಗಮನಿಸಿದರು. ಒಂದು ದಿನ ಟೀಚರಮ್ಮ ಬೀರುವಿಗೆ ಬೀಗ ಹಾಕಲು ಮರೆತರಂತೆ. ಬೆಳಿಗ್ಗೆ ಬಂದು ನೋಡಿದರೆ ಮಕ್ಕಳೇ ತಮಗೆ ಬೇಕಾದ ವಸ್ತು ತೆಗೆದುಕೊಂಡು ಕೆಲಸಕ್ಕೆ ಕೂತಿದ್ದವು. ಟೀಚರಮ್ಮನಿಗೆ ಅದು ಕಳ್ಳತನದಂತೆ ಕಂಡಿತು. ಮಾಂಟೆಸರಿಗೆ ಅದು ಆಯ್ಕೆಯಾಗಿ ಕಂಡಿತು. ಬೀರು ಹೋಗಿ ಮಕ್ಕಳ ಕೈಗೆಟುಕುವ ತಗ್ಗಿನ ತೆರೆದ ಕಪಾಟು ಬಂತು.

ಅಕ್ಷರಗಳನ್ನು ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದರು. ಮಗು ಬೆರಳಿನಿಂದ ಅದರ ಮೇಲೆ ತಿದ್ದುತ್ತ ಶಬ್ದ ಹೇಳಬೇಕು. ನಮ್ಮ ಕೂಲಿಮಠಗಳಲ್ಲಿ ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದದ್ದು ನೆನಪಾಗುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಮೇಷ್ಟ್ರ ಕೈಯಲ್ಲಿ ಬೆತ್ತ ಇತ್ತು. ಸ್ಯಾನ್ ಲೊರೆಂಜೊದಲ್ಲಿ ಬೆತ್ತವೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಗುಂಡಿ ಹಾಕುವುದು, ಕೈ ತೊಳೆಯುವುದು, ನೆಲ ಗುಡಿಸುವುದು ಎಲ್ಲವೂ ಪಾಠವೇ. ಕೆಲವೇ ತಿಂಗಳಲ್ಲಿ ಕೂಲಿಕಾರರ ನಾಲ್ಕೈದು ವರ್ಷದ ಮಕ್ಕಳು ತಾವಾಗಿಯೇ ಬರೆಯತೊಡಗಿದವು. ಈ ಶಾಲೆ ನೋಡಲು ದೇಶ ದೇಶದಿಂದ ಜನ ಬಂದರು.

ಇಲ್ಲಿಂದ ಕಥೆ ಸ್ವಲ್ಪ ಗೋಜಲಾಗುತ್ತದೆ. ಅದನ್ನು ಬಿಟ್ಟು ಬರೀ ಹೊಗಳಿದರೆ ಮೋಸ. 1913ರಲ್ಲಿ ಅಮೆರಿಕಕ್ಕೆ ಹೋದಾಗ ಮಾಂಟೆಸರಿಗೆ ಭರ್ಜರಿ ಸ್ವಾಗತ ಸಿಕ್ಕಿತು. ಆದರೆ ತರಬೇತಿ ತಾನೇ ಕೊಡಬೇಕು ಅನ್ನುವುದು ಅವರ ಹಟ. ಕಲಿಕೆಯ ವಸ್ತುಗಳಿಗೆ ಪೇಟೆಂಟ್ ಮಾಡಿಸಿದ್ದರು, ಅವು ದುಬಾರಿಯೂ ಆಗಿದ್ದವು. ಡಾಕ್ಟರ್ ಕೆಲಸ, ವಿಶ್ವವಿದ್ಯಾಲಯದ ಪಾಠ ಎಲ್ಲ ಬಿಟ್ಟಿದ್ದ ಅವರಿಗೆ ಇದೇ ಹೊಟ್ಟೆಪಾಡು ಅನ್ನೋದು ನಿಜ. ಹಾಗಿದ್ದರೂ ಬಡವರ ಕೇರಿಯಲ್ಲಿ ಹುಟ್ಟಿದ್ದು ಉಳ್ಳವರ ಮನೆಗೆ ನಡೆದುಹೋಗಲು ಬಾಗಿಲು ತೆರೆದವರಲ್ಲಿ ಅವರೂ ಒಬ್ಬರು.

ಇನ್ನೊಂದು ಇದಕ್ಕಿಂತ ದೊಡ್ಡ ತಪ್ಪು. 1924ರಲ್ಲಿ ಮುಸೊಲಿನಿಯ ಬೆಂಬಲ ಒಪ್ಪಿಕೊಂಡರು. ಸರ್ಕಾರದ ದುಡ್ಡು ಬಂತು, ಶಾಲೆಗಳು ಬೆಳೆದವು. ನಾನು ರಾಜಕೀಯಕ್ಕೆ ಬರುವವಳಲ್ಲ, ಮಕ್ಕಳ ಕೆಲಸಕ್ಕೆ ಯಾರು ನೆರವು ಕೊಟ್ಟರೇನು ಅನ್ನುವ ಧೋರಣೆ ಅದು. ಇವತ್ತು ನಮ್ಮ ಸುತ್ತಲೂ ಈ ಮಾತು ಕೇಳುತ್ತೇವೆ, ಅಲ್ವಾ? ಆದರೆ ಫ್ಯಾಸಿಸ್ಟರಿಗೆ ಬೇಕಿದ್ದದ್ದು ಯೂನಿಫಾರಂ ತೊಟ್ಟು ಸಾಲಾಗಿ ಮೆರವಣಿಗೆ ಹೋಗುವ ಮಕ್ಕಳು. ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳಲು ಕಲಿತ ಮಗು ಅಂಥ ಸಾಲಿನಲ್ಲಿ ನಿಲ್ಲುವುದು ಕಷ್ಟ. ಹತ್ತು ವರ್ಷದಲ್ಲಿ ಸಂಬಂಧ ಹಳಸಿತು. 1934ರಲ್ಲಿ ಮಾಂಟೆಸರಿ ಇಟಲಿ ಬಿಟ್ಟರು, ಅಲ್ಲಿನ ಅವರ ಶಾಲೆಗಳು ಮುಚ್ಚಿದವು. ಬಾರ್ಸಿಲೋನಾದಲ್ಲಿ ನೆಲೆ ನಿಂತರೆ 1936ರಲ್ಲಿ ಅಂತರ್ಯುದ್ಧ ಅಲ್ಲಿಂದಲೂ ಓಡಿಸಿತು. ಆಮೇಲೆ ಹಾಲೆಂಡ್.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯವರು ಕರೆದರೆಂದು ಮದ್ರಾಸಿನ ಅಡ್ಯಾರ್‌ಗೆ ಬಂದರು. ಕೆಲವು ತಿಂಗಳ ತರಬೇತಿ ಕೊಟ್ಟು ಹೋಗುವ ಅಂದಾಜು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಮುಸೊಲಿನಿಯಿಂದ ತಪ್ಪಿಸಿಕೊಂಡು ಬಂದವರೇ ಬ್ರಿಟಿಷರ ಕಣ್ಣಿಗೆ ಶತ್ರು ದೇಶದವರಾದರು. ಜೊತೆಗಿದ್ದ ಮಾರಿಯೊನನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. ಮಾರಿಯೊ ಅವರ ಮಗ. ಮದುವೆಯಿಲ್ಲದೆ 1898ರಲ್ಲಿ ಹುಟ್ಟಿದವನು. ಆಗ ಅದು ಬಯಲಾಗಿದ್ದರೆ ಅವರ ಕೆಲಸವೇ ಮುಗಿಯುತ್ತಿತ್ತು. ಹಳ್ಳಿಯಲ್ಲಿ ಬೇರೆಯವರ ಮನೆಯಲ್ಲಿ ಬೆಳೆಸಲು ಬಿಟ್ಟು, ದೊಡ್ಡವನಾದ ಮೇಲೆ ಜೊತೆಗೆ ಕರೆದುಕೊಂಡರೂ ಲೋಕದ ಮುಂದೆ ಸಂಬಂಧಿಕ ಅಂತಲೇ ಹೇಳುತ್ತಿದ್ದರು. 1940ರ ಆಗಸ್ಟ್‌ನಲ್ಲಿ ಅವರ 70ನೇ ಹುಟ್ಟುಹಬ್ಬಕ್ಕೆ ವೈಸ್‌ರಾಯ್ ಒಂದು ತಂತಿ ಕಳಿಸಿ, ಮಗನನ್ನು ಬಿಡುಗಡೆ ಮಾಡುತ್ತಿರುವುದಾಗಿ ತಿಳಿಸಿದರು. ನಲವತ್ತೆರಡು ವರ್ಷ ಅವನು ಮಗ ಅಂತ ಹೇಳಿಕೊಳ್ಳಲಾಗದೆ, ಕೊನೆಗೆ ವಸಾಹತು ಸರ್ಕಾರದ ತಂತಿಯಲ್ಲಿ ಆ ಪದ ಕಂಡ ತಾಯಿಯ ಬಗ್ಗೆ ಏನು ಹೇಳೋದು? ಲೋಕದ ಮಕ್ಕಳನ್ನೆಲ್ಲ ನೋಡಿಕೊಂಡವರು ತನ್ನ ಮಗುವಿನ ಬಾಲ್ಯ ನೋಡಲಿಲ್ಲ.

1942ರಿಂದ ಸುಮಾರು ಎರಡು ವರ್ಷ ತಾಯಿ ಮಗ ಕೊಡೈಕೆನಾಲ್‌ನಲ್ಲಿದ್ದರು. ನನ್ನ ಪ್ರಕಾರ ಅವರ ಬದುಕಿನ ಅತ್ಯಂತ ಮುಖ್ಯ ಭಾಗ ಇದು, ನಾವು ಹೆಚ್ಚು ಮಾತಾಡದ ಭಾಗವೂ ಹೌದು. ಅಲ್ಲಿ ಎಲ್ಲ ವಯಸ್ಸಿನ ಮಕ್ಕಳಿದ್ದರು. ಸುತ್ತ ಬೆಟ್ಟ, ಕಾಡು, ಕೆರೆ. ಆರರಿಂದ ಹನ್ನೆರಡು ವರ್ಷದ, ಅಂದರೆ ಪ್ರಾಥಮಿಕ ಶಾಲೆಯ ಮಕ್ಕಳ ಕಲಿಕೆ ಹೇಗಿರಬೇಕು ಅನ್ನುವ ಅವರ ಚಿಂತನೆ ಗಟ್ಟಿಯಾದದ್ದು ಇಲ್ಲೇ. ಎಲೆ, ಕಲ್ಲು, ಹುಳ, ನೀರು, ಮನುಷ್ಯ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ, ಮಗು ಆ ಹೆಣಿಗೆಯನ್ನು ಕಾಣಬೇಕು ಅನ್ನೋದು ಅದರ ತಿರುಳು.

ಹೊರಗೆ ಹೋಗುವುದು ಅನ್ನುವುದಕ್ಕೆ ಅವರು ಕೊಟ್ಟ ಅರ್ಥವನ್ನೂ ನೋಡಿ. ಐವತ್ತು ಮಕ್ಕಳನ್ನು ಬಸ್ಸಿಗೆ ತುಂಬಿ, ಒಂದೇ ಬಣ್ಣದ ಟೋಪಿ ಹಾಕಿ, ವಾಟರ್ ಪಾರ್ಕಿಗೋ ಮಾಲಿಗೋ ಕರೆದೊಯ್ದು ಫೋಟೊ ತೆಗೆಯುವುದಲ್ಲ. ಮೂರ್ನಾಲ್ಕು ಮಕ್ಕಳಿಗೆ ಒಂದು ಪ್ರಶ್ನೆ ಹುಟ್ಟುತ್ತೆ. ಉತ್ತರ ಕ್ಲಾಸಿನಲ್ಲಿ ಇಲ್ಲ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಹೇಗೆ ಹೋಗಬೇಕು ಅಂತ ಮಕ್ಕಳೇ ಯೋಚಿಸುತ್ತವೆ. ದೊಡ್ಡವರೊಬ್ಬರು ಕಾವಲಿಗೆ ಹಿಂದೆ ಇರುತ್ತಾರೆ, ಅಷ್ಟೇ. ಇದಕ್ಕೆ ಬಸ್ಸು ಬೇಕಿಲ್ಲ. ಊರ ಕೆರೆ, ಕುಂಬಾರರ ಮನೆ, ಪೋಸ್ಟ್ ಆಫೀಸು, ಸಂತೆ ಸಾಕು.

ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟು, 1949ರಲ್ಲಿ ಕೊನೆಯದಾಗಿ ಇಲ್ಲಿಂದ ಹೊರಟರು. 1952ರ ಮೇ 6ರಂದು ಹಾಲೆಂಡಿನಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ಇಲ್ಲಿ ಉಳಿದದ್ದು ಎರಡು. ಒಂದು, ಬೋರ್ಡಿನ ಮೇಲಿನ ಹೆಸರು. ಇನ್ನೊಂದರ ಬೇರು ಅವರು ಬರುವ ಮೊದಲೇ ಇಲ್ಲಿ ಇಳಿದಿತ್ತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ಮಾಂಟೆಸರಿ ಬರೆದದ್ದನ್ನು ಓದಿ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ದುಬಾರಿ ಉಪಕರಣ ಬಿಟ್ಟು ಕಪ್ಪೆಚಿಪ್ಪು, ಬೀಜ, ಎಲೆ, ಕಲ್ಲು ಹಿಡಿದರು. ಮಕ್ಕಳು ಶಾಲೆಗೆ ಬರದಿದ್ದರೆ ಅವರ ಕೇರಿಯ ಅಂಗಳದಲ್ಲೇ ಶಾಲೆ ನಡೆಸಿದರು. ದನ ಮೇಯಿಸುವ ಆದಿವಾಸಿ ಮಕ್ಕಳಿಗಾಗಿ ಹುಲ್ಲುಗಾವಲಿಗೇ ಶಾಲೆ ಹೋಯಿತು. ಅಂಗಳದ ಆ ಶಾಲೆಗೆ ಅವರಿಟ್ಟ ಹೆಸರು ಅಂಗನವಾಡಿ. 1975ರಲ್ಲಿ ಕೇಂದ್ರ ಸರ್ಕಾರದ ಯೋಜನೆ ಶುರುವಾದಾಗ ಅದೇ ಹೆಸರು ದೇಶಕ್ಕೆಲ್ಲ ಹಬ್ಬಿತು. ನಮ್ಮ ರಾಜ್ಯದಲ್ಲೂ 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿಕಲಿ, ಕಾರ್ಡು, ಹಾಡು, ಚಟುವಟಿಕೆಗಳ ಮೂಲಕ ಕಲಿಸಬಹುದು ಅಂತ ತೋರಿಸಿತು.

ಅಂದರೆ ಸ್ಯಾನ್ ಲೊರೆಂಜೊದ ನಿಜವಾದ ವಾರಸುದಾರರು ನಮ್ಮ ಅಂಗನವಾಡಿ, ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆ. ಆದರೆ ಅಂಗನವಾಡಿ ಕಾರ್ಯಕರ್ತೆಗೆ ನಾವು ಸಂಬಳ ಕೊಡುವುದಿಲ್ಲ, ಗೌರವಧನ ಕೊಡುತ್ತೇವೆ. ಅವರು ಅದಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತದ್ದನ್ನು ನಾನು ವರದಿ ಮಾಡಿದ್ದೇನೆ. ಸರ್ವೆ, ಚುನಾವಣೆ, ರಿಜಿಸ್ಟರ್ ಅಂತ ಹತ್ತು ಕೆಲಸ ಅವರ ತಲೆ ಮೇಲೆ. ಅಷ್ಟು ಹೊತ್ತವರನ್ನು, ಮಕ್ಕಳನ್ನು ಗಮನಿಸುತ್ತ ಸುಮ್ಮನೆ ಕೂರಿ ಅಂದರೆ ಹೇಗೆ?

ಅಕ್ಕ ಕೊನೆಗೆ ಮಗಳನ್ನು ಆ ಶಾಲೆಗೇ ಸೇರಿಸಿದಳು, ಸಾಲ ಮಾಡಿ. ಅವಳನ್ನು ನಾನು ದೂರುವುದಿಲ್ಲ. ಅವಳ ಮನೆಯ ಪಕ್ಕದ ರಸ್ತೆಯಲ್ಲೇ ಒಂದು ಅಂಗನವಾಡಿ ಇದೆ. ಒಂದೇ ಕೋಣೆ, ಮುಂದೆ ಅಂಗಳವಿಲ್ಲ, ಆಟದ ಸಾಮಾನು ಎಲ್ಲಿ ಅಂತ ಕೇಳಿದರೆ ಬೀರುವಿನಲ್ಲಿದೆ ಅಂತ ತೋರಿಸಿದರು. ಒಂದು ಮುರಿದರೂ ಲೆಕ್ಕ ಕೊಡಬೇಕು, ಅದಕ್ಕೇ ಬೀಗ. ಮುಂದಿನ ಸಲ ನಿಮ್ಮ ವಾರ್ಡಿಗೆ ಯಾರಾದರೂ ಓಟು ಕೇಳಲು ಬಂದರೆ, ಆ ಬೀಗ ಯಾವಾಗ ತೆಗೆಸುತ್ತೀರಿ ಅಂತ ಒಂದು ಮಾತು ಕೇಳಿ ನೋಡಿ.